ಹಾರ್ಕೆಟ್ ಅಂದ್ರೆ ಒಂದೇ ಹಾಡಾ?

'ಒಂದೇ ಹಾಡಿನಿಂದ ಹೆಸರಾದವರು' ಅಂತ ಯೂಟ್ಯೂಬಿನಲ್ಲಿ ಈಗಷ್ಟೇ ಒಂದು ವಿಡಿಯೊ ನೋಡಿದೆ. ಅದರಲ್ಲಿ ನಾರ್ವೆಯ ಪಾಪ್ ಬ್ಯಾಂಡ್ ಆ-ಹಾದ ಗಾಯಕ, ನಮ್ಮ ಮಾರ್ಟನ್ ಹಾರ್ಕೆಟ್! ಮೈಯೆಲ್ಲ ಉರಿಯಿತು. ನನ್ನ ಆ-ಹಾ ಹುಚ್ಚು ನಿಮಗೆಲ್ಲ ಗೊತ್ತಲ್ವಾ, ಸುಮ್ನೆ ಇರೋಕಾಗಲಿಲ್ಲ.

ಆ ಬ್ಯಾಂಡಿನ 'ಟೇಕ್ ಆನ್ ಮಿ' ಹಾಡು 1985ರಲ್ಲಿ ಅಮೆರಿಕದಲ್ಲಿ ನಂಬರ್ ಒನ್ ಆಯಿತು, ಸರಿ. ಪೆನ್ಸಿಲ್ ಚಿತ್ರದ ಆ ವಿಡಿಯೊ ನನಗೂ ಇಷ್ಟ. ಆದರೆ ಮರುವರ್ಷವೇ ಬ್ರಿಟನ್ನಿನಲ್ಲಿ ಅವರ ಇನ್ನೊಂದು ಹಾಡು ನಂಬರ್ ಒನ್ ಆಗಿತ್ತು. 1987ರಲ್ಲಿ ಜೇಮ್ಸ್ ಬಾಂಡ್ ಸಿನಿಮಾಕ್ಕೂ ಹಾಡಿದರು. ಇದ್ಯಾವುದೂ ಲೆಕ್ಕಕ್ಕಿಲ್ಲ. ಎಲ್ಲರಿಗೂ 'ಟೇಕ್ ಆನ್ ಮಿ'ಯ ಆ ಒಂದು ಎತ್ತರದ ಸ್ವರ ಸಾಕು!

ನನಗೆ ಜಾಸ್ತಿ ಸಂಕಟ ಆಗೋದು 'ವೈಲ್ಡ್ ಸೀಡ್' ವಿಷಯಕ್ಕೆ. ಬ್ಯಾಂಡಿಗೆ ಬಿಡುವು ಕೊಟ್ಟಿದ್ದಾಗ, 1995ರಲ್ಲಿ, ಹಾರ್ಕೆಟ್ ತಾವೊಬ್ಬರೇ ತಂದ ಆಲ್ಬಂ. ನಾರ್ವೆ ಅದನ್ನು ತಲೆ ಮೇಲೆ ಹೊತ್ತುಕೊಂಡಿತು. ಹೊರಗೆ ಕೇಳಿದವರು ಕಡಿಮೆ. ಅದರಲ್ಲಿ 'ಬ್ರಾಡ್ಸ್ಕಿ ಟ್ಯೂನ್' ಅಂತ ಒಂದು ಹಾಡಿದೆ. ಬೋಸ್ನಿಯಾದಲ್ಲಿ ಯುದ್ಧ ಶುರುವಾದ 1992ರಲ್ಲಿ ಕವಿ ಜೋಸೆಫ್ ಬ್ರಾಡ್ಸ್ಕಿ ಬರೆದ ಸಾಲುಗಳು. ನೀವು ಗ್ಲಾಸಿಗೆ ವಿಸ್ಕಿ ಸುರಿಯುತ್ತೀರಿ, ಗಡಿಯಾರ ನೋಡುತ್ತೀರಿ, ಟೈ ಸರಿ ಮಾಡಿಕೊಳ್ಳುತ್ತೀರಿ. ಅಷ್ಟರಲ್ಲಿ ಅಲ್ಲಿ ಜನ ಸಾಯುತ್ತಿದ್ದಾರೆ. ಇಂಥ ಮಾತನ್ನು ಕಿರುಚಿ ಹೇಳಬಹುದಿತ್ತು. ಹಾರ್ಕೆಟ್ ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಹಾಡುತ್ತಾರೆ. ಅದಕ್ಕೇ ಎದೆಗೆ ನಾಟುತ್ತದೆ. ಆ ಹಾಡು ಬಂದ ವರ್ಷವೇ ಅದೇ ಬೋಸ್ನಿಯಾದ ಸ್ರೆಬ್ರೆನಿಕಾ ಊರಿನ ಹತ್ಯಾಕಾಂಡ ನಡೆಯಿತು.

ಇಂಡೊನೇಷ್ಯಾ 1975ರಲ್ಲಿ ನುಗ್ಗಿ ಹಿಡಿದುಕೊಂಡ ಪಕ್ಕದ ಪುಟ್ಟ ನಾಡು ಈಸ್ಟ್ ಟಿಮೋರ್ ಮೇಲೂ ಈ ಆಲ್ಬಂನಲ್ಲಿ ಒಂದು ಹಾಡಿದೆ. ಅಲ್ಲಿನ ಜನರ ಪರ ಹೋರಾಡಿದ ಬಿಷಪ್ ಬೆಲೊ ಮತ್ತು ರಾಮೊಸ್-ಹೊರ್ತಾ ಅವರಿಗೆ ಶಾಂತಿ ನೊಬೆಲ್ ಬಂದದ್ದು 1996ರಲ್ಲಿ, ಆಲ್ಬಂ ಬಂದ ಮೇಲೆ. ಪಾಪ್ ಹಾಡುಗಾರನಿಗೆ ಇದೆಲ್ಲ ಯಾಕೆ ಬೇಕಿತ್ತು ಅನ್ನುವವರ ಹತ್ತಿರ ನಾನು ಮಾತೇ ಆಡಲ್ಲ.

'ಜನಕ್ಕೆ ಇಷ್ಟವಾದದ್ದು ಜನ ನೆನಪಿಟ್ಟುಕೊಳ್ತಾರೆ, ನೀನ್ಯಾಕೆ ಒದ್ದಾಡ್ತೀಯ' ಅಂತ ನನ್ನ ತಮ್ಮ ಕೇಳುತ್ತಾನೆ. ಅಲ್ಲಪ್ಪಾ, ಕಿವಿಗೇ ಬೀಳದ್ದು ಇಷ್ಟವಾಗುವುದು ಹೇಗೆ? ಪಟ್ಟಿ ಮಾಡುವವರು ಪ್ರತಿ ಸಲ ಅದೇ ಹಾಡು ಹಾಕಿದರೆ ಬೇರೆಯದನ್ನು ಯಾರು ಕೇಳುತ್ತಾರೆ?

2025ರ ಜೂನ್‌ನಲ್ಲಿ ತಮಗೆ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಹಾರ್ಕೆಟ್ ಹೇಳಿಕೊಂಡರು. ದನಿಗೂ ತೊಂದರೆಯಾಗಿದೆ. ಆ ರಾತ್ರಿ ಇದೇ ಆಲ್ಬಂ ಹಾಕಿಕೊಂಡು ಅತ್ತಿದ್ದೇನೆ. ಅವತ್ತೂ ಕಂಡಲ್ಲೆಲ್ಲ ಅದೇ ಎತ್ತರದ ಸ್ವರದ ಮಾತು.

ದಯವಿಟ್ಟು 'ವೈಲ್ಡ್ ಸೀಡ್' ಒಮ್ಮೆ ಪೂರ್ತಿ ಕೇಳಿ. ಹಿಡಿಸದಿದ್ದರೆ ಬನ್ನಿ, ಜಗಳ ಆಡೋಣ. ಕೇಳದೆ ಮಾತ್ರ ಅವರನ್ನು ಒಂದೇ ಹಾಡಿನವರು ಅನ್ನಬೇಡಿ.