ಗುಡ್ಡಗಾಡು ಓಟ ಮತ್ತು ಉಂಬಳದ ಹಬ್ಬ

ದಸರಾ ರಜೆಗೆ ಒಂದು ದಿನ ಇದೆ ಎನ್ನುವಾಗ ಗುಡ್ಡಗಾಡು ಓಟ ಇಡುವ ಪಿ.ಟಿ. ಮೇಷ್ಟ್ರು ಬುದ್ಧಿವಂತರು. ಕುಂಟುವವರೆಲ್ಲ ಅವರವರ ಮನೆಯಲ್ಲೇ ಕುಂಟುತ್ತಾರೆ. ತೊಂದರೆ ಏನೆಂದರೆ, ತೀರ್ಥಹಳ್ಳಿ, ಹೊಸನಗರದ ಕಡೆ ಆ ಹೊತ್ತಿಗೆ ಮಳೆ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಹಿಂದಿನ ಸಂಜೆ ಸುಣ್ಣದ ಪುಡಿಯಲ್ಲಿ ಹಾಕಿದ ಬಾಣದ ಗುರುತು ಬೆಳಗಾಗುವಷ್ಟರಲ್ಲಿ ಹಳ್ಳ ಸೇರಿರುತ್ತದೆ. ಮುಂದೆ ಓಡುವವನು ಯಾರದೋ ಅಡಿಕೆ ತೋಟಕ್ಕೆ ನುಗ್ಗುತ್ತಾನೆ, ಉಳಿದವರು ಅವನನ್ನು ನಂಬುತ್ತಾರೆ, ಎಲ್ಲರ ಹಿಂದೆ ತೋಟದ ಮನೆಯ ನಾಯಿ. ಕೆಂಪು ಬಟ್ಟೆಯ ಚೂರನ್ನು ಎದೆಮಟ್ಟದಲ್ಲಿ ಮರಕ್ಕೆ ಕಟ್ಟಿ, ತಿರುವಿಗೊಬ್ಬ ಹುಡುಗನನ್ನು ನಿಲ್ಲಿಸಬೇಕು. ಆ ಹುಡುಗ ಪೇರಲೆ ಮರ ಹತ್ತದಂತೆ ನೋಡಿಕೊಳ್ಳಲು ಇನ್ನೊಬ್ಬನನ್ನು.

ಓಟಗಾರನ ಮೊದಲ ಶತ್ರು ಅಮ್ಮನ ಪ್ರೀತಿ. ‘ಓಡೋದಿದೆ, ಹೊಟ್ಟೆ ತುಂಬ ತಿನ್ನು ಮಗಾ’ ಎಂದು ಬಡಿಸಿದ ಕಡುಬು ಮೊದಲ ಏರಿನಲ್ಲೇ ಪಕ್ಕೆ ಹಿಡಿಸುತ್ತದೆ. ತಿಂಡಿ ಎರಡು ತಾಸು ಮೊದಲೇ ಮುಗಿದಿರಲಿ. ಹಿಡಿದೇಬಿಟ್ಟರೆ ನಿಧಾನಿಸಿ, ಉಸಿರು ಪೂರ್ತಿ ಹೊರಬಿಟ್ಟು, ನೋವಿದ್ದಲ್ಲಿ ಕೈಯಿಂದ ಒತ್ತಿಕೊಳ್ಳಬೇಕು.

ಪಾಚಿಗಟ್ಟಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ಕ್ಯಾನ್ವಾಸ್ ಶೂ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಉದ್ದ ಹೆಜ್ಜೆ ಹಾಕಿ ಹಿಮ್ಮಡಿ ಊರಿದವರು ಉಳಿದ ದಾರಿಯನ್ನು ಕೂತೇ ಮುಗಿಸುತ್ತಾರೆ. ಚಡ್ಡಿ ಮಾತ್ರ ಅರ್ಧದಲ್ಲೇ ಮುಗಿಯುತ್ತದೆ. ಚಿಕ್ಕ ಹೆಜ್ಜೆ, ತುಸು ಬಾಗಿದ ಮಂಡಿ, ಇಷ್ಟೇ ಉಪಾಯ. ಹಳ್ಳ ದಾಟುವ ಕಿರಿದಾದ ಕಾಲುಸಂಕದ ಮೇಲೆ ಇನ್ನೊಬ್ಬರನ್ನು ಹಿಂದಿಕ್ಕುವ ಸಾಹಸ ಬೇಡ.

ಉಂಬಳ ಎಂದರೆ ಮಳೆಗಾಲದ ಕಾಡಿನಲ್ಲಿ ರಕ್ತ ಹೀರುವ ಜಿಗಣೆ, ಅದರ ಲೆಕ್ಕವೇ ಬೇರೆ. ನೆಲದ ಅದುರು, ಮೈಯ ಬಿಸಿ, ನಮ್ಮ ಉಸಿರು, ಯಾವುದರಿಂದಲಾದರೂ ಅದಕ್ಕೆ ಸುಳಿವು ಸಿಗುತ್ತದೆ. ಓಡುತ್ತಿರುವವರಿಗೆ ಹತ್ತುವುದು ಕಷ್ಟ. ಲೇಸು ಕಟ್ಟಲು ಬಗ್ಗಿದವರು, ‘ಸುಸ್ತಾಯ್ತು ಮಾರಾಯ’ ಎಂದು ತರಗೆಲೆಯ ಮೇಲೆ ಕೂತವರು ಸಿಕ್ಕರೆ ಅದಕ್ಕೆ ಹಬ್ಬ. ಅದಕ್ಕೇ ಲೇಸಿಗೆ ಹೊರಡುವಾಗಲೇ ಎರಡು ಗಂಟು ಹಾಕಿ ತುದಿ ಒಳಗೆ ಸಿಕ್ಕಿಸಬೇಕು. ಕಚ್ಚಿದ್ದು ಗೊತ್ತಾಗುವುದಿಲ್ಲ, ಗೊತ್ತಾದಾಗ ಕಿರುಚಿ ಎಳೆಯಬಾರದು. ಸಪೂರ ತುದಿಯ ಪಕ್ಕ ಚರ್ಮಕ್ಕೆ ಉಗುರು ತಾಗಿಸಿ ಅಡ್ಡಕ್ಕೆ ಸರಿಸಿದರೆ ಬಿಡುತ್ತದೆ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಬಿಳಿ ಸಾಕ್ಸ್ ಕೆಂಪಾಗಿ, ಕೊನೆಯಲ್ಲಿ ಬಂದವನೂ ಯುದ್ಧ ಗೆದ್ದವನಂತೆ ಕಾಣುತ್ತಾನೆ. ಸೋಪಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದರಾಯಿತು.

ತಂಡದ ಗೆಲುವು ನಿರ್ಧಾರವಾಗುವುದು ಅದರ ಓಟಗಾರರು ಬಂದ ಸ್ಥಾನಗಳನ್ನು ಕೂಡಿ. ಕಡಿಮೆ ಮೊತ್ತದವರು ಗೆದ್ದರು. ನಾಲ್ವರ ಲೆಕ್ಕವಾದರೆ, ಮೂವರು 1, 2, 3 ಬಂದು ನಾಲ್ಕನೆಯವನು ಪೇರಲೆ ಮುಗಿಸಿ 41ನೆಯವನಾದರೆ ಮೊತ್ತ 47. ಸದ್ದಿಲ್ಲದೆ 8, 9, 10, 11 ಬಂದವರದು 38. ಕಪ್ ಇವರಿಗೇ. ಆಮೇಲಿನ ಜಗಳ ರಜೆ ಮುಗಿದ ಮೇಲೂ ನಡೆಯುತ್ತದೆ.

ಒದ್ದೆ ಶೂವನ್ನು ಬಚ್ಚಲಿನ ಹಂಡೆ ಒಲೆಯ ಬಾಯಿಗೆ ಇಡಬೇಡಿ, ಬಿಸಿಗೆ ಅಂಟು ಸಡಿಲಾಗಿ ಅಡಿ ಕಳಚುತ್ತದೆ. ಹಳೇ ಪೇಪರ್ ತುರುಕಿ, ಅದು ಒದ್ದೆಯಾದಾಗಲೆಲ್ಲ ಬದಲಿಸಿ, ಜಗಲಿಯಲ್ಲಿಡಿ. ಮನೆಯಲ್ಲಿ ನಾಯಿಮರಿ ಇದ್ದರೆ ಅಟ್ಟದ ಮೇಲೆ.