ಮಕ್ಕಳು 11, ಸದಸ್ಯರು 18

ಸುದ್ದಿ ನೀವೂ ಓದಿರುತ್ತೀರಿ. ಊರಿನ ಹೆಸರು ಬೇಡ. ಮೂರು ವರ್ಷಕ್ಕೊಮ್ಮೆ ಊರಷ್ಟೇ ಬದಲಾಗುತ್ತದೆ, ಸುದ್ದಿ ಅದೇ: ‘ಎಸ್‌ಡಿಎಂಸಿ ಅಧ್ಯಕ್ಷ ಸ್ಥಾನಕ್ಕೆ ಪೈಪೋಟಿ, ಮಾತಿನ ಚಕಮಕಿ, ಸಭೆ ಮುಂದೂಡಿಕೆ’. ಅದೇ ಪುಟದ ಕೆಳಗಡೆ ಮಕ್ಕಳಿಲ್ಲದೆ ಬಾಗಿಲು ಹಾಕುತ್ತಿರುವ ಶಾಲೆಯ ಸುದ್ದಿ. ಎರಡನ್ನೂ ಒಂದೇ ಕಾಫಿಗೆ ಓದಬಾರದು.

ಮೊದಲು ಎಸ್‌ಡಿಎಂಸಿ ಎಂಬ ಈ ಶಾಲಾ ಸಮಿತಿಯನ್ನು ಕಂಡುಹಿಡಿದವರಿಗೆ ಒಂದು ನಮಸ್ಕಾರ ಹಾಕಿಬಿಡೋಣ. ಅಣುವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಕರ್ನಾಟಕ ಸರ್ಕಾರ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಹುಟ್ಟುಹಾಕಿತು. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 21ನೇ ಸೆಕ್ಷನ್ನಿನಲ್ಲಿ ಅದಕ್ಕೆ ಮೊಹರು ಒತ್ತಿತು. ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದವರ ಮಕ್ಕಳು ಎಷ್ಟಿದ್ದಾರೋ ಅದೇ ಪ್ರಮಾಣದಲ್ಲಿ ಅವರ ತಂದೆತಾಯಿಯೂ ಸಮಿತಿಯಲ್ಲಿರಬೇಕು. ವಿಧಾನಸಭೆಗೂ ಇಲ್ಲದ ಪ್ರಜಾಪ್ರಭುತ್ವ ಇದು. ನಮ್ಮ ಕೊಡಗಿನ ಕಾಫಿ ತೋಟದ ನಡುವಿನ ಎರಡು ಕೋಣೆಯ ಶಾಲೆಗೆ ಬಂದು ಇಳಿದಿದೆ. ಹೆಮ್ಮೆಪಡಿ.

ಈಗ ಲೆಕ್ಕಕ್ಕೆ ಬನ್ನಿ. ನಮ್ಮಲ್ಲಿ ಚಾಲ್ತಿಯಲ್ಲಿರುವ ಮಾದರಿಯಲ್ಲಿ ಪೋಷಕ ಸದಸ್ಯರು 18, ಅವರಲ್ಲಿ 9 ಹೆಂಗಸರು. ಶಾಲೆಯಲ್ಲಿ ಮಕ್ಕಳು 11. ಅಣ್ಣ-ತಂಗಿ, ಅಕ್ಕ-ತಮ್ಮ ಎಲ್ಲ ಕಳೆದರೆ ಮನೆ 8. ಅಪ್ಪ ಅಮ್ಮ ಇಬ್ಬರ ಹೆಸರನ್ನೂ ಬರೆದರೂ 16. ಇನ್ನಿಬ್ಬರಿಗೆ ಎಲ್ಲಿಗೆ ಹೋಗುವುದು? ಹೆಡ್‌ಮಾಷ್ಟ್ರು ಅಜ್ಜಿಯೊಬ್ಬರನ್ನೂ ದೊಡ್ಡಪ್ಪನೊಬ್ಬರನ್ನೂ ‘ಪಾಲಕರು’ ಮಾಡಿ ನಮೂನೆ ತುಂಬುತ್ತಾರೆ. ಕೊಡಗಿನಲ್ಲಿ ಹದಿನೆಂಟಕ್ಕೆ ಮೊದಲೇ ಒಂದು ಮಹಿಮೆ ಇದೆ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಕೂಡಿರುತ್ತದೆ ಎಂದು ಪಾಯಸ ಮಾಡಿ ಉಣ್ಣುತ್ತೇವೆ. ಆ ಸೊಪ್ಪಾದರೂ ಸತ್ಯವಂತ. ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಮಾರನೇ ಬೆಳಿಗ್ಗೆ ಬಚ್ಚಲಿನಲ್ಲೂ ಕೆಂಪಗೆ ಸಾಕ್ಷಿ ಹೇಳುತ್ತದೆ. ಹದಿನೆಂಟು ಸದಸ್ಯರನ್ನು ಮೂರು ವರ್ಷ ಕುದಿಸಿದರೂ ಶೌಚಾಲಯದ ಬಾಗಿಲಿಗೆ ಒಂದು ಚಿಲಕ ಬೀಳುವುದಿಲ್ಲ. ಮದ್ದುಸೊಪ್ಪಿಗೆ ಅನುದಾನವೂ ಬೇಡ.

ಅನುದಾನ ಅಂದಾಗ ನೆನಪಾಯಿತು. ಇಷ್ಟೊಂದು ಜಗಳ ಯಾವ ಖಜಾನೆಗೆ ಎಂದು ಹೊರಗಿನವರು ಕೇಳುತ್ತಾರೆ. ಕೇಂದ್ರದ ‘ಸಮಗ್ರ ಶಿಕ್ಷಣ’ ಯೋಜನೆಯಲ್ಲಿ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000. ಅದರಲ್ಲೂ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ಉಳಿದದ್ದರಲ್ಲಿ ಸೀಮೆಸುಣ್ಣ, ಹಾಜರಿ ಪುಸ್ತಕ, ಕರೆಂಟು ಬಿಲ್ಲು, ಒಡೆದ ಹೆಂಚು. ಜೂನ್‌ನ ಮಳೆಗೆ ಹಾರಿದ ಹೆಂಚಿಗೆ ದುಡ್ಡು ಬರುವುದು ಮಳೆ ನಿಂತ ಮೇಲೆ, ಖರ್ಚು ಮಾಡಿ ಮುಗಿಸಬೇಕಾದದ್ದು ಮಾರ್ಚ್ 31ರೊಳಗೆ. ಇದರಲ್ಲಿ ತಿನ್ನುವುದಕ್ಕೆ ಏನೂ ಇಲ್ಲ, ತಿಂದರೂ ಹಲ್ಲಿಗೆ ಸಿಕ್ಕಿಕೊಳ್ಳುವಷ್ಟು.

ಹಾಗಾದರೆ ಪೈಪೋಟಿ ಯಾಕೆ? ಆಗಸ್ಟ್ 15ಕ್ಕೆ ವೇದಿಕೆಯ ಮೇಲೊಂದು ಕುರ್ಚಿ. ಬಿಸಿಯೂಟದ ಅಡುಗೆ ಕೆಲಸ ಯಾರ ಮನೆಯ ಹೆಣ್ಣುಮಗಳಿಗೆ, ಅತಿಥಿ ಶಿಕ್ಷಕರಾಗಿ ಯಾರ ಸೊಸೆ ಎಂಬಲ್ಲಿ ಒಂದು ಮಾತು. ಎಲ್ಲಕ್ಕಿಂತ ಮುಖ್ಯವಾಗಿ ಪಂಚಾಯಿತಿ ಚುನಾವಣೆಗೆ ಮುಂಚಿನ ನೆಟ್ ಪ್ರಾಕ್ಟೀಸು. ಎಸ್‌ಡಿಎಂಸಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಅದಕ್ಕೇ ಸಭೆಯ ದಿನ ಗೇಟಿನ ಹೊರಗೆ ನಿಂತ ಜೀಪುಗಳನ್ನು ನೋಡಿ ತಿಳಿದುಕೊಳ್ಳಬೇಕು. ಪದವಿಪೂರ್ವ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಶಾಸಕರೇ ಅಧ್ಯಕ್ಷರಾದ್ದರಿಂದ ಅಲ್ಲಿ ಈ ತೊಂದರೆ ಇಲ್ಲ, ಚುನಾವಣೆಯ ನಾಟಕವೇ ತಪ್ಪಿತು.

ಅಭ್ಯರ್ಥಿಗೆ ಒಂದೇ ಅರ್ಹತೆ, ಮಗು ಅದೇ ಶಾಲೆಯಲ್ಲಿರಬೇಕು. ಇದೊಂದು ಷರತ್ತು ನಮ್ಮ ನಾಯಕರನ್ನು ಬಹಳ ನೋಯಿಸಿದೆ. ಅದಕ್ಕೂ ದಾರಿ ಉಂಟು. ದೊಡ್ಡ ಮಗ ಹಳದಿ ವ್ಯಾನಿನಲ್ಲಿ ಕಾನ್ವೆಂಟಿಗೆ, ಮಗಳೂ ಕಾನ್ವೆಂಟಿಗೆ, ಕಡೆಯವನು ಮಾತ್ರ ಸರ್ಕಾರಿ ಶಾಲೆಗೆ. ಆ ಹುಡುಗ ಒಂದನೇ ಕ್ಲಾಸಿಗೆ ಸೇರಿದ್ದಲ್ಲ, ಅಪ್ಪನ ನಾಮಪತ್ರಕ್ಕೆ ಲಗತ್ತಾದದ್ದು. ಅಧ್ಯಕ್ಷಗಿರಿ ಸಿಗದಿದ್ದರೆ ಜುಲೈಯಲ್ಲಿ ಟಿಸಿ ತೆಗೆಸುತ್ತಾರೆ, ಮಕ್ಕಳು 10.

ಸಿಕ್ಕಿದರೆ ಅಸಲಿ ಪರ್ವ ಶುರು. ಖಾತೆ ಜಂಟಿ: ಮುಖ್ಯ ಶಿಕ್ಷಕರು ಮತ್ತು ಅಧ್ಯಕ್ಷರು. ಅಧ್ಯಕ್ಷರು ಬದಲಾದರೆ ಬ್ಯಾಂಕಿನಲ್ಲಿ ಸಹಿ ಬದಲಾಗಬೇಕು. ಅದಕ್ಕೆ ನಡಾವಳಿ ಪುಸ್ತಕದ ಠರಾವಿನ ಪ್ರತಿ, ಆಧಾರ್, ಪ್ಯಾನ್, ಫೋಟೊ, ಮಾದರಿ ಸಹಿ. ಠರಾವಿನಲ್ಲಿ ಹೆಸರು ಮನೆತನದ ಹೆಸರಿನೊಂದಿಗೆ ಪೂರ್ತಿ ಇರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಮೂರನೆಯ ಥರ. ಬ್ಯಾಂಕಿನವರು ವಾಪಸು ಕಳಿಸುತ್ತಾರೆ. ಮತ್ತೆ ಸಭೆ, ಮತ್ತೆ ಠರಾವು. ಮಳೆಗಾಲವಾದರೆ ನೆಟ್‌ವರ್ಕ್ ಇಲ್ಲ, ಕರೆಂಟಿಲ್ಲ, ಸಭೆ ಇಟ್ಟ ದಿನಕ್ಕೆ ಹಿಂದಿನ ರಾತ್ರಿ ಜಿಲ್ಲಾಧಿಕಾರಿಗಳ ರಜೆ ಘೋಷಣೆ. ಸಹಿ ಬದಲಾಗುವ ತನಕ ಖಾತೆಯಿಂದ ಒಂದು ರೂಪಾಯಿ ಆಚೆ ಬರುವುದಿಲ್ಲ. ಆದರೆ ಮಕ್ಕಳಿಗೆ ಮೊಟ್ಟೆ ನಿಲ್ಲಿಸುವಂತಿಲ್ಲ. ಸರ್ಕಾರದ ಲೆಕ್ಕದಲ್ಲಿ ಮೊಟ್ಟೆಗೆ 6 ರೂಪಾಯಿ, ಬೇಯಿಸಿ ಸುಲಿಯುವುದೂ ಅದರಲ್ಲೇ. ಅಂಗಡಿಯವನ ಲೆಕ್ಕ ಬೇರೆ. ನಡುವಿನ ವ್ಯತ್ಯಾಸಕ್ಕೆ ಹೆಡ್‌ಮಾಷ್ಟ್ರ ಜೇಬು, ಉಳಿದದ್ದಕ್ಕೆ ಸಾಲದ ಚೀಟಿ. ಹಳೆಯ ಅಧ್ಯಕ್ಷರು ‘ನಾನೀಗ ಸಹಿ ಹಾಕಂಗಿಲ್ಲ ಮಾಷ್ಟ್ರೇ’ ಎಂದು ಕಾನೂನು ಹೇಳುತ್ತಾರೆ. ಮೂರು ವರ್ಷದಲ್ಲಿ ಅವರು ಹೇಳಿದ ಒಂದೇ ಕಾನೂನು ಅದು.

ಅಂತೂ ಸಹಿ ಕೂರುವಷ್ಟರಲ್ಲಿ ಹುಡುಗ ಏಳನೇ ಕ್ಲಾಸು ಮುಗಿಸಿರುತ್ತಾನೆ. ಮಗ ಪಾಸಾದ, ಅಪ್ಪ ಮಾಜಿ. ಮತ್ತೆ ಪೋಷಕರ ಸಭೆ.

ಹೆಂಗಸರ 9 ಸ್ಥಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಧ್ಯಕ್ಷೆಯ ಗಂಡ ಎಂಬ ಹುದ್ದೆಗೆ ಯಾವ ನಿಯಮಾವಳಿಯಲ್ಲೂ ಉಲ್ಲೇಖವಿಲ್ಲ, ಕುರ್ಚಿ ಮಾತ್ರ ಎಲ್ಲ ಸಭೆಯಲ್ಲೂ ಇದೆ.

ಈಗ ನಗು ಬಿಟ್ಟು ಒಂದು ಮಾತು. ಆ 11 ಮಕ್ಕಳು ಯಾರು? ನಾಮಪತ್ರಕ್ಕೆ ಲಗತ್ತಾದ ಒಬ್ಬನನ್ನು ಬಿಟ್ಟರೆ ಜೀಪಿನಲ್ಲಿ ಬಂದವರ ಮಕ್ಕಳಲ್ಲ. ಲೈನ್‌ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ ಮಕ್ಕಳು. ಯರವರು, ಜೇನುಕುರುಬರಂಥ ಬುಡಕಟ್ಟಿನವರ ಮಕ್ಕಳು, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು. ಸಭೆ ಇಡುವುದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಬಂದರೆ ಆ ದಿನದ ಹಾಜರಿ ಹೋಯಿತು. ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಕೊಯ್ಲು, ಕೂಲಿ ಕಿಲೋ ಲೆಕ್ಕದಲ್ಲಿ, ಆಗಂತೂ ಬರುವ ಮಾತೇ ಇಲ್ಲ. ನೋಟಿಸು ಕನ್ನಡದಲ್ಲಿ, ಓದಬೇಕಾದವಳಿಗೆ ಅಕ್ಷರವೇ ಬರುವುದಿಲ್ಲ. ಕೋರಂ ಇಲ್ಲ ಅಂತ ಸಂಜೆ ಯಾರಾದರೂ ನಡಾವಳಿ ಪುಸ್ತಕ ಹಿಡಿದು ಲೈನ್‌ಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಾರೆ. ಆಕೆ ಸದಸ್ಯೆ. ಆಕೆಗೆ ಅದು ಗೊತ್ತಿಲ್ಲ. ಮಗು ಹದಿನೈದು ದಿನದಿಂದ ಶಾಲೆಗೆ ಬಂದಿಲ್ಲ, ದಾರಿಯಲ್ಲಿ ಆನೆ ಇದೆ ಎಂದು ಹೇಳಬೇಕಾಗಿದ್ದವಳು ಅವಳೇ, ಹೇಳಬೇಕಾಗಿದ್ದ ಜಾಗ ಆ ಸಭೆಯೇ. ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ನಿನ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಬರೆಯಬೇಕಾದದ್ದೂ ಅದನ್ನೇ. ಅಲ್ಲಿ ಏನು ಬರೆದಿದೆ? ಹೋದ ಸಲದ್ದರ ನಕಲು, ಇಸವಿ ಮಾತ್ರ ತಿದ್ದಿದ್ದು. ಸಾಕಾಗಿದೆ ಇದು.

ಪರಿಹಾರ ಕಷ್ಟದ್ದೇನೂ ಅಲ್ಲ. ಕೊಡಗಿನಲ್ಲಿ ಸಂತೆ ದಿನ ಅನೇಕ ತೋಟಗಳಿಗೆ ರಜೆ: ಮಡಿಕೇರಿ ಕಡೆ ಶುಕ್ರವಾರ, ಸೋಮವಾರಪೇಟೆಗೆ ಸೋಮವಾರ, ಗೋಣಿಕೊಪ್ಪಲಿಗೆ ಭಾನುವಾರ. ಸಂತೆ ಮುಗಿಸಿ ಬಂದ ಮೇಲೆ, ನಾಲ್ಕು ಗಂಟೆಗೆ, ಲೈನ್‌ಮನೆಯ ಅಂಗಳದಲ್ಲೇ ಸಭೆ ಇಡಿ. ನೋಟಿಸು ಅಂಟಿಸುವ ಬದಲು ಯರವ ಭಾಷೆ ಬಲ್ಲವರೊಬ್ಬರು ಮನೆಮನೆಗೆ ಹೋಗಿ ಬಾಯಲ್ಲಿ ಹೇಳಲಿ. ಹದಿನೆಂಟು ಬೇಡ, ಎಂಟು ಜನ ಬಂದರೂ ಎಲ್ಲ ಮನೆ ಬಂದಂತೆ. ಇದಕ್ಕೆ ಆಕ್ಷೇಪಣೆ ಏನು ಬರುತ್ತದೆಂದೂ ಗೊತ್ತು: ಭಾನುವಾರ ಸಭೆ ನಡೆಸಲು ಸುತ್ತೋಲೆಯಲ್ಲಿ ಅವಕಾಶವಿಲ್ಲ, ನಾಲ್ಕು ಗಂಟೆಯ ಮೇಲೆ ಜೀಪು ಆ ದಾರಿಯಲ್ಲಿ ಇಳಿಯುವುದಿಲ್ಲ, ಮತ್ತು ಲೈನ್‌ಮನೆಯ ಅಂಗಳದಲ್ಲಿ ಅಧ್ಯಕ್ಷರಿಗೆ ಕುರ್ಚಿ ಇಲ್ಲ.