ಮಕ್ಕಳು ಮುಟ್ಟಿರದ ಮಕ್ಕಳ ಪುಸ್ತಕ

ಮಕ್ಕಳಿಗೆಂದೇ ಅಚ್ಚಾದ ಪುಸ್ತಕವು ಬೆಲೆ ಬಾಳಬೇಕಾದರೆ ಅದನ್ನು ಯಾವ ಮಗುವೂ ಮುಟ್ಟಿರಬಾರದು ಎಂಬ ಸಿದ್ಧಾಂತವು ಬೆಂಗಳೂರು, ಹುಬ್ಬಳ್ಳಿಗಳನ್ನು ದಾಟಿ, ಘಟ್ಟವಿಳಿದು, ಕೊನೆಗೂ ಕಾರವಾರಕ್ಕೆ ಬಂದು ತಲುಪಿದೆ. ಕಳೆದ ಚಳಿಗಾಲದಲ್ಲಿ ಇಲ್ಲಿಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಹಳೆಯ ಕಾಮಿಕ್ಸ್ ಮೇಳದಲ್ಲಿ ಈ ಸಿದ್ಧಾಂತಕ್ಕೆ ದೊರೆತ ಮರ್ಯಾದೆಯನ್ನು ಕಣ್ಣಾರೆ ಕಂಡವರು, ನಮ್ಮ ಜಿಲ್ಲೆ ಹಿಂದುಳಿದಿದೆ ಎಂಬ ಹಳೆಯ ದೂರನ್ನು ಇನ್ನು ಮುಂದೆ ಹಿಂದಕ್ಕೆ ಪಡೆಯುವುದೇ ಸರಿ. ಮದುವೆಗಳಲ್ಲಿ ಬಾಳೆಲೆ ಹಾಸುವ ಉದ್ದನೆಯ ಮೇಜುಗಳ ಮೇಲೆ ಪ್ಲಾಸ್ಟಿಕ್ ಚೀಲಗಳೊಳಗೆ ಪುಸ್ತಕಗಳು ಸಾಲಾಗಿ ಮಲಗಿದ್ದವು. ಸೆಕೆಗೆ ಜನ ಬೆವರೊರೆಸಿಕೊಳ್ಳುತ್ತಿದ್ದರೂ ಫ್ಯಾನು ಹಾಕಿರಲಿಲ್ಲ. ಗಾಳಿಗೆ ಹಾರಿ ಒಂದು ಮೂಲೆ ಮಡಚಿಕೊಂಡರೆ ಅದರೊಂದಿಗೆ ಸಾವಿರಾರು ರೂಪಾಯಿಯೂ ಹಾರಿಹೋಗುತ್ತದೆಂದು ತಿಳಿಸಲಾಯಿತು. ಬಾಗಿಲಲ್ಲಿ ನಿಂತಿದ್ದ ಸ್ವಯಂಸೇವಕನು ಬಂದವರ ಮುಖ ನೋಡದೆ ಕೈ ನೋಡಿ ಒಳಗೆ ಬಿಡುತ್ತಿದ್ದನು. ಹೊರಗಿನ ಗಾಡಿಯಲ್ಲಿ ಭೇಲ್ ತಿಂದು ಬಂದವರನ್ನು ಮೊದಲು ನಲ್ಲಿಯ ಕಡೆಗೆ ಕಳಿಸಲಾಗುತ್ತಿತ್ತು.

ಈ ಭಕ್ತಿಯ ಮೂಲ ಅಮೆರಿಕದಲ್ಲಿದೆ. 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಮೊದಲ ಬಾರಿಗೆ ಕಾಣಿಸಿಕೊಂಡನು. ಅವನನ್ನು ಸೃಷ್ಟಿಸಿದ ಜೆರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು ಅವನ ಹಕ್ಕನ್ನು 130 ಡಾಲರಿಗೆ ಪ್ರಕಾಶಕರಿಗೆ ಬರೆದುಕೊಟ್ಟಿದ್ದರು. ಅದೇ ಸಂಚಿಕೆಯ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅಚ್ಚಾಗಿದ್ದುದು ಸುಮಾರು ಎರಡು ಲಕ್ಷ ಪ್ರತಿಗಳೆಂದೂ ಈಗ ಉಳಿದಿರುವುದು ನೂರರ ಆಸುಪಾಸು ಎಂದೂ ಬಲ್ಲವರ ಅಂದಾಜು. ಮಿಕ್ಕವು ಎಲ್ಲಿ ಹೋದವು ಎಂದು ಕೇಳಿದರೆ ಉತ್ತರ ಸರಳವಾಗಿದೆ: ಮಕ್ಕಳು ಓದಿ ಹರಿದರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳೆ ಕಾಗದ ಸಂಗ್ರಹಿಸುವವರಿಗೆ ಕೊಟ್ಟರು, 1940ರ ದಶಕದ ಕೊನೆಯಲ್ಲಿ ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಾರೆಂದು ಹೆದರಿದ ಕೆಲವು ಊರುಗಳವರು ರಾಶಿ ಹಾಕಿ ಸುಟ್ಟರು, ಉಳಿದದ್ದನ್ನು ತಾಯಂದಿರು ಮನೆ ಗುಡಿಸುವಾಗ ಹೊರಗೆ ಹಾಕಿದರು. ಹಾಗಾದ ಮೇಲೆ ಆ 60 ಲಕ್ಷ ಡಾಲರಿನ ಬೆಲೆಯನ್ನು ನಿರ್ಮಿಸಿದವರು ಬರೆದವರೂ ಅಲ್ಲ, ಚಿತ್ರ ಬಿಡಿಸಿದವರೂ ಅಲ್ಲ. ಪುಸ್ತಕವನ್ನು ಹಾಳು ಮಾಡಿದವರು. ನ್ಯಾಯವಾಗಿ ನೋಡಿದರೆ ಇಂಥ ಮೇಳಗಳ ವೇದಿಕೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಸಲ್ಲಬೇಕಾದುದು ಊರಿನ ಹಿರಿಯ ಗುಜರಿ ವ್ಯಾಪಾರಿಗೆ ಮತ್ತು ಹಳೆ ಪುಸ್ತಕ ಹರಿದು ಶೇಂಗಾ ಪೊಟ್ಟಣ ಕಟ್ಟಿದವರಿಗೆ. ಸಂಘಟಕರು ಯಾಕೋ ಅವರನ್ನು ಬಿಟ್ಟು, ಎಂದಿನಂತೆ ಉದ್ಘಾಟಕರನ್ನೇ ಸನ್ಮಾನಿಸಿದರು.

ಬೆಲೆಯನ್ನು ಯಾರು ಕಟ್ಟಬೇಕು ಎಂಬ ಪ್ರಶ್ನೆಗೂ ಅಮೆರಿಕ ಉತ್ತರ ಕಂಡುಕೊಂಡಿದೆ. 1970ರಿಂದಲೇ ಅಲ್ಲಿ ಹಳೆಯ ಕಾಮಿಕ್ಸ್‌ಗಳ ದರಪಟ್ಟಿಯು ಪುಸ್ತಕರೂಪದಲ್ಲಿ ಬರುತ್ತಿದೆ. 2000ದಲ್ಲಿ ಆರಂಭವಾದ ಸಿಜಿಸಿ ಎಂಬ ಸಂಸ್ಥೆಯು ಪುಸ್ತಕವನ್ನು ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಮುಚ್ಚಿ ಕಳಿಸುತ್ತದೆ. 9.6 ಬಂದ ಪುಸ್ತಕಕ್ಕೂ 9.8 ಬಂದ ಪುಸ್ತಕಕ್ಕೂ ನಡುವಿನ ವ್ಯತ್ಯಾಸವನ್ನು ಬರಿಗಣ್ಣಿನಿಂದ ಗುರುತಿಸುವುದು ಸಾಮಾನ್ಯರಿಗೆ ಸಾಧ್ಯವಿಲ್ಲ, ಆದರೆ ಬೆಲೆಯಲ್ಲಿ ಆ ವ್ಯತ್ಯಾಸ ಕುರುಡನಿಗೂ ಕಾಣುವಷ್ಟು ಇರುತ್ತದೆ. ಇನ್ನು ಕವಚವನ್ನು ಒಡೆದು ಪುಸ್ತಕ ಹೊರತೆಗೆದರೆ ಆ ಕ್ಷಣವೇ ಅಂಕ ರದ್ದು. ಓದುವುದು ಅಪರಾಧವಲ್ಲ, ಕೇವಲ ನಷ್ಟ.

ದರ್ಜೆ ವಿಂಗಡಣೆಯ ಮಾತು ನಮ್ಮ ಕಡೆಯವರಿಗೆ ಹೊಸದೇನಲ್ಲ. ಶಿರಸಿಯ ಪೇಟೆಯಲ್ಲಿ ಅಡಿಕೆಯನ್ನು ರಾಶಿ, ಚಾಲಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ವಿಂಗಡಿಸಿ ಟೆಂಡರಿಗಿಡುವ ಪದ್ಧತಿ ತಲೆಮಾರುಗಳಿಂದ ನಡೆದು ಬಂದಿದೆ. ಆದರೆ ಅಲ್ಲಿಯ ವ್ಯಾಪಾರಿಯು ಚೀಲದೊಳಗೆ ಕೈ ಹಾಕಿ, ಒಂದೆರಡು ಅಡಿಕೆ ಎತ್ತಿ, ಕತ್ತರಿಸಿ, ಒಳಗಿನ ಬಣ್ಣ ನೋಡಿ, ಮನಸ್ಸಾದರೆ ಬಾಯಿಗೂ ಹಾಕಿಕೊಂಡ ಮೇಲೆಯೇ ದರ ಬರೆಯುತ್ತಾನೆ. ‘ಈ ಅಡಿಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ, ಮುಟ್ಟಬೇಡಿ, ಅಗಿಯುವುದಂತೂ ದೂರದ ಮಾತು, ಆದರೆ ಕ್ವಿಂಟಲಿಗೆ ಕೋಟಿ ರೂಪಾಯಿ’ ಎಂದು ಯಾವ ಬೆಳೆಗಾರನಾದರೂ ಹೇಳಿದ್ದರೆ, ಪೇಟೆಯವರು ಅವನ ಮನೆಯವರಿಗೆ ಫೋನು ಮಾಡುತ್ತಿದ್ದರು. ಕಾಮಿಕ್ಸ್ ಪೇಟೆಯಲ್ಲಿ ಅವನನ್ನು ಮುಖ್ಯ ಅತಿಥಿಯಾಗಿ ಕರೆಯುತ್ತಾರೆ.

ತೆರೆಯದ ಪುಸ್ತಕವನ್ನು ನಂಬಿ ಕೊಳ್ಳುವುದರಲ್ಲಿ ಸಣ್ಣದೊಂದು ಅಪಾಯವೂ ಇದೆ. 2023ರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ, ಮುಚ್ಚಿದ ಕವಚದೊಳಗಿನ ಒಳ್ಳೆಯ ಪ್ರತಿಯನ್ನು ತೆಗೆದು ಅದರ ಜಾಗದಲ್ಲಿ ಕಡಿಮೆ ದರ್ಜೆಯ ಪ್ರತಿಯನ್ನು ಇಟ್ಟು ಮಾರಿದ ಪ್ರಕರಣ ಹೊರಬಿದ್ದು, ಸಂಗ್ರಾಹಕರ ವಲಯದಲ್ಲಿ ದೊಡ್ಡ ಗದ್ದಲವಾಯಿತು. ಮೋಸ ಹೋದವರ ಬಗ್ಗೆ ಮರುಕವಿದೆ. ಆದರೂ ಪುಸ್ತಕವನ್ನು ಎಂದೂ ತೆರೆಯಲಾರದವನಿಗೆ ಒಳಗಿರುವುದು ಯಾವ ಪ್ರತಿಯಾದರೇನು ಎಂದು ನನ್ನಂಥವರಿಗೆ ಅನ್ನಿಸಿದರೆ ಅದು ನಮ್ಮ ಸಂಸ್ಕಾರದ ಕೊರತೆ.

ಇಷ್ಟೆಲ್ಲ ಸರಿ, ಕಾರವಾರದ ಹವೆಯನ್ನು ಏನು ಮಾಡುವುದು? ಕರಾವಳಿಯ ಮೇಳಕ್ಕೆ ಎದುರಾದ ನಿಜವಾದ ತಾತ್ವಿಕ ಬಿಕ್ಕಟ್ಟು ಇದೇ. ಹಳೆಯ ಕಾಮಿಕ್ಸ್‌ಗಳು ಅಚ್ಚಾಗಿದ್ದು ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದ ಮೇಲೆ. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ಅಂಶವು ಬೆಳಕಿಗೂ ಗಾಳಿಗೂ ಒಡ್ಡಿಕೊಂಡಷ್ಟೂ ಕಾಗದ ಹಳದಿಯಾಗುತ್ತದೆ, ಆಮ್ಲ ಹೆಚ್ಚಿ ಅಂಚು ಪುಡಿಯಾಗುತ್ತದೆ. ಇದು ಜಗತ್ತಿನ ಎಲ್ಲ ಕಡೆಯ ನಿಯಮ. ಅದರ ಮೇಲೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬಿಯೇ ನೀರಾಗುವಷ್ಟು ತೇವ. ಪುಸ್ತಕದ ಬೆನ್ನಿನ ಪಿನ್ನು ತುಕ್ಕು ಹಿಡಿದು ನಡುಪುಟದಲ್ಲಿ ಕಂದು ಕಲೆ ಮೂಡುತ್ತದೆ. ಹೊದಿಕೆಯ ಮೇಲೆ ಬೂಷ್ಟು ಬರುತ್ತದೆ. ಬೂಷ್ಟು ಒರೆಸಿ ಕಪಾಟಿನಲ್ಲಿಟ್ಟರೆ ಗೆದ್ದಲು ಬರುತ್ತದೆ. ಆದುದರಿಂದ 9.8 ದರ್ಜೆಯ ಪುಸ್ತಕವು ಭಟ್ಕಳದಿಂದ ಕಾರವಾರದವರೆಗಿನ ಯಾವ ಮನೆಯ ಅಟ್ಟದಲ್ಲಿಯೂ ಸಿಕ್ಕುವ ಸಂಭವವಿಲ್ಲ. ನಮ್ಮ ಜಿಲ್ಲೆಯ ಪುಸ್ತಕಗಳು ಹುಟ್ಟುವಾಗಲೇ 3.0.

ಸಂಘಟಕರಲ್ಲೊಬ್ಬರು ಇದಕ್ಕೆ ಸೂಚಿಸಿದ ಪರಿಹಾರವನ್ನು ಇಲ್ಲಿ ದಾಖಲಿಸದಿದ್ದರೆ ತಪ್ಪಾದೀತು. ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಆಯಾ ಊರಿನದೇ ವಿಶೇಷವೆಂಬ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ದೊರೆತಿರುವಾಗ, ಕರಾವಳಿಯ ಬೂಷ್ಟು ಹಿಡಿದ ಕಾಮಿಕ್ಸ್‌ಗೂ ಅದನ್ನು ಕೇಳಬಾರದೇಕೆ ಎಂಬುದು ಅವರ ವಾದವಾಗಿತ್ತು. ಪ್ರತಿ ಪುಸ್ತಕವೂ ಎಷ್ಟು ಮಳೆಗಾಲ ಕಂಡಿದೆ ಎಂಬುದನ್ನು ಕಲೆಗಳ ಆಧಾರದ ಮೇಲೆ ಲೆಕ್ಕ ಹಾಕಿ ಪ್ರಮಾಣಪತ್ರ ಕೊಡಬಹುದೆಂದೂ, ಸೋರುವ ಹಂಚಿನ ಕೆಳಗೆ ಇಟ್ಟಿದ್ದ ಪ್ರತಿಗಳಿಗೆ ವಿಶೇಷ ದರ ನಿಗದಿ ಮಾಡಬಹುದೆಂದೂ ಅವರು ಹೇಳಿದರು. ಸಭೆಯಲ್ಲಿ ಕೆಲವರು ನಕ್ಕರು. ಅವರು ನಗಲಿಲ್ಲ.

ಮೇಳದ ಎರಡು ವಾರ ಮೊದಲಿನಿಂದಲೇ ಕುಮಟಾ, ಹೊನ್ನಾವರ, ಸಿದ್ದಾಪುರದ ಕಡೆಗಳಲ್ಲಿ ಬೆಂಗಳೂರಿನ ಕಾರುಗಳು ಹಳೆಯ ಮನೆಗಳ ಮುಂದೆ ನಿಲ್ಲತೊಡಗಿದ್ದವು. ಅದುವರೆಗೆ ಅಟ್ಟದ ಹಳೆ ಸಾಮಾನಿನ ಬಗ್ಗೆ ಕೇಳಿಕೊಂಡು ಬರುತ್ತಿದ್ದವರಿಗೆ ಹಿತ್ತಾಳೆ ಹಂಡೆ, ಮರದ ಕಂಬಗಳ ಮೇಲೆ ಕಣ್ಣು. ಈಗ ಬಂದವರಿಗೆ ಮೊಮ್ಮಕ್ಕಳ ಪುಸ್ತಕದ ಪೆಟ್ಟಿಗೆಯ ಮೇಲೆ. ಟೈಮ್ಸ್ ಆಫ್ ಇಂಡಿಯಾ ಬಳಗವು 1964ರಿಂದ 1990ರವರೆಗೆ ಹೊರತಂದ ಇಂದ್ರಜಾಲ ಕಾಮಿಕ್ಸ್, ಅದರಲ್ಲಿಯೂ ಮೊದಲ ವರ್ಷಗಳ ಫ್ಯಾಂಟಮ್ ಕಥೆಗಳು, ಈ ಬೇಟೆಯಲ್ಲಿ ದೊಡ್ಡ ಮಿಕ. ಅದಾದ ಮೇಲೆ ಅಮರ ಚಿತ್ರಕಥೆಯ ಮೊದಮೊದಲ ಮುದ್ರಣಗಳು. ಅಮರ ಚಿತ್ರಕಥೆ ಎಂದರೆ ಎಲ್ಲರೂ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರನ್ನು ನೆನೆಯುತ್ತಾರೆ, ‘ಕೃಷ್ಣ’ ಸಂಚಿಕೆಯನ್ನು ನೆನೆಯುತ್ತಾರೆ. ಆ ‘ಕೃಷ್ಣ’ನ ಸಂಖ್ಯೆ ಒಂದಲ್ಲ, ಹನ್ನೊಂದು. ಅದಕ್ಕಿಂತ ಮೊದಲಿನ ಹತ್ತು ಸಂಚಿಕೆಗಳು ಸಿಂಡರೆಲಾಳಂಥ ಪಾಶ್ಚಾತ್ಯ ಕಥೆಗಳು, ಅವು ಹೊರಬಂದದ್ದು ಕನ್ನಡದಲ್ಲಿ. ಅಂದರೆ ದೇಶದ ಅತ್ಯಂತ ಪ್ರಸಿದ್ಧ ಚಿತ್ರಕಥಾಮಾಲೆಯ ಮೊದಲ ಓದುಗರು ಕನ್ನಡದ ಮಕ್ಕಳು. ಮೇಳದ ಒಬ್ಬ ವ್ಯಾಪಾರಿಯಲ್ಲಿ ಆ ಹತ್ತರ ಬಗ್ಗೆ ವಿಚಾರಿಸಿದಾಗ ಅವನು ಮೊಬೈಲಿನಲ್ಲಿ ಬಹಳ ಹೊತ್ತು ಹುಡುಕಿ, ತನ್ನ ಪಟ್ಟಿಯಲ್ಲಿ ಅವಕ್ಕೆ ದರ ನಮೂದಾಗಿಲ್ಲವಾದ್ದರಿಂದ ಅವು ಇರಲಾರವು ಎಂದು ತೀರ್ಮಾನ ಕೊಟ್ಟನು.

ಇದೇ ವ್ಯಾಪಾರಿಯ ಮೇಜಿನ ಮುಂದೆ ಕುಮಟೆಯ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಸುತಳಿಯಲ್ಲಿ ಕಟ್ಟಿದ ಕನ್ನಡ ಅಮರ ಚಿತ್ರಕಥೆಗಳ ಕಟ್ಟನ್ನು ಬಿಚ್ಚಿದರು. ಶಾಲೆಯಲ್ಲಿ ಶನಿವಾರ ಮಕ್ಕಳಿಗೆ ಓದಲು ಕೊಡುತ್ತಿದ್ದ ಪುಸ್ತಕಗಳಂತೆ. ಹೊದಿಕೆ ಹೋದವಕ್ಕೆ ಕ್ಯಾಲೆಂಡರಿನ ಹಾಳೆಯ ಬೈಂಡು. ಒಳಪುಟದಲ್ಲಿ ಬೇರೆ ಬೇರೆ ಕೈಬರಹದ ಹೆಸರುಗಳು, ತರಗತಿ, ‘ಕದ್ದವರಿಗೆ ಕಣ್ಣು ಹೋಗಲಿ’ ಎಂಬ ಶಾಪ. ಒಂದು ಪುಟದಲ್ಲಿ ಯಾರೋ ಕಂಸನಿಗೆ ನೀಲಿ ಪೆನ್ನಿನಿಂದ ಕನ್ನಡಕ ತೊಡಿಸಿದ್ದರು. ವ್ಯಾಪಾರಿಯು ಕೈಗವಸು ತೊಟ್ಟ ಬೆರಳುಗಳಿಂದ ಎರಡು ಪುಟ ತಿರುವಿ, ಮುಖ ಚಿಕ್ಕದು ಮಾಡಿಕೊಂಡನು.

‘ಏನು ಸರ್ ಇದು, ಓದಿಬಿಟ್ಟಿದ್ದಾರಲ್ಲ!’

‘ಹೌದಪ್ಪ, ಓದಿದ್ದಾರೆ’ ಎಂದರು ಮಾಸ್ತರು. ‘ಆರೇಳು ಬ್ಯಾಚು ಓದಿದೆ.’

‘ಒಬ್ಬರು ಓದಿದ್ದರೂ ಏನೋ ಮಾಡಬಹುದಿತ್ತು ಸರ್’ ಎಂದು ಅವನು ಪ್ರಾಮಾಣಿಕವಾದ ವಿಷಾದದಿಂದ ಹೇಳಿ, ಇಡೀ ಕಟ್ಟಿಗೆ ಇನ್ನೂರು ರೂಪಾಯಿ ಎಂದನು. ಮಾಸ್ತರು ಮತ್ತೆ ಸುತಳಿ ಬಿಗಿದರು. ಕಂಸನಿಗೆ ಕನ್ನಡಕ ತೊಡಿಸಿದ ವಿದ್ಯಾರ್ಥಿಯು ಈಗ ಎಲ್ಲಿದ್ದಾನೋ, ಆ ಒಂದು ಗೆರೆಯಿಂದ ಆತ ಮಾಡಿದ ಆರ್ಥಿಕ ಹಾನಿಯ ಅರಿವು ಅವನಿಗೆ ಬಹುಶಃ ಇಂದಿಗೂ ಇಲ್ಲ.

ಯಾರೂ ಓದದ ಹಾಗೆ ಜೋಪಾನ ಮಾಡಿದರೆ ಶ್ರೀಮಂತರಾಗಬಹುದು ಎಂಬ ಲೆಕ್ಕಾಚಾರವನ್ನು ಅಮೆರಿಕನ್ನರು ಒಮ್ಮೆ ಸಾಮೂಹಿಕವಾಗಿಯೇ ಪರೀಕ್ಷಿಸಿದ್ದಾರೆ. 1991ರಲ್ಲಿ ‘ಎಕ್ಸ್-ಮೆನ್’ನ ಹೊಸ ಮಾಲೆಯ ಮೊದಲ ಸಂಚಿಕೆ ಐದು ಬಗೆಯ ಹೊದಿಕೆಗಳಲ್ಲಿ ಬಂದು 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಮರುವರ್ಷ ಸೂಪರ್‌ಮ್ಯಾನ್ ಸಾಯುವ ಸಂಚಿಕೆಯನ್ನು ಕಪ್ಪು ಚೀಲದೊಳಗೆ ಮುಚ್ಚಿ ಮಾರಿದಾಗ ಅಂಗಡಿಗಳ ಮುಂದೆ ಸರದಿ ನಿಂತ ಜನ ಒಂದನ್ನು ಓದಲಿಕ್ಕೆ, ಇನ್ನೊಂದನ್ನು ಮಗನ ಕಾಲೇಜು ಶುಲ್ಕಕ್ಕೆ ಎಂದು ಕೊಂಡರು. ಎಲ್ಲರೂ ಜೋಪಾನ ಮಾಡಿದ್ದರಿಂದ ಎಲ್ಲವೂ ಉಳಿದವು. ಎಲ್ಲವೂ ಉಳಿದದ್ದರಿಂದ ಯಾವುದಕ್ಕೂ ಬೆಲೆ ಬರಲಿಲ್ಲ. ಅಂಗಡಿಗಳು ಸಾಲು ಸಾಲಾಗಿ ಬಾಗಿಲು ಹಾಕಿದವು, 1996ರ ಡಿಸೆಂಬರ್‌ನಲ್ಲಿ ‘ಎಕ್ಸ್-ಮೆನ್’ ಪ್ರಕಟಿಸುತ್ತಿದ್ದ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಈ ಇತಿಹಾಸವನ್ನು ನಮ್ಮ ಮೇಳದ ತರುಣರಿಗೆ ಹೇಳಿದರೆ, ಅದು ಅಮೆರಿಕದ ಮಾತು, ಇಲ್ಲಿ ಹಾಗಾಗುವುದಿಲ್ಲ ಎನ್ನುತ್ತಾರೆ. ಒಂದರ್ಥದಲ್ಲಿ ಅವರು ಹೇಳುವುದು ಸರಿ: ನಮ್ಮ ಗೆದ್ದಲು ಅಷ್ಟು ಪ್ರತಿಗಳನ್ನು ಉಳಿಯಗೊಡುವುದಿಲ್ಲ.

ಎರಡನೆಯ ದಿನ ಮಧ್ಯಾಹ್ನ ಶಿರಸಿಯ ಕಡೆಯ ಅಜ್ಜಿಯೊಬ್ಬರು ಎಂಟೊಂಬತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ಬಂದರು. ರಜೆಯಲ್ಲಿ ಹುಡುಗ ಮೊಬೈಲು ಬಿಡುತ್ತಿಲ್ಲ, ಇಲ್ಲಿ ಚಿತ್ರದ ಪುಸ್ತಕ ಸಿಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಹುಡುಗನು ಕವಚದೊಳಗಿದ್ದ ಒಂದು ಪುಸ್ತಕದ ಮುಂದೆ ನಿಂತು ಕದಲಲಿಲ್ಲ.

‘ತಮಾ, ಇದ್ರ ಒಳಗೆ ಎಂತ ಕಥೆ ಇದ್ದು?’ ಎಂದು ಅಜ್ಜಿ ಮೇಜಿನ ಹಿಂದಿನ ತರುಣನನ್ನು ಕೇಳಿದರು.

‘ಅಜ್ಜಿ, ಅದು ತೆರೆಯೋ ಪುಸ್ತಕ ಅಲ್ಲ.’

‘ತೆಗೀದೇ ಇದ್ರೆ ಕಥೆ ಗೊತ್ತಾಗದು ಹ್ಯಾಂಗೆ?’

‘ಕಥೆ ಬೇಕಿದ್ರೆ ಮೊಬೈಲಲ್ಲೇ ಸಿಗುತ್ತೆ ಅಜ್ಜಿ. ಇದು ಇನ್ವೆಸ್ಟ್‌ಮೆಂಟು.’

ಅಷ್ಟರಲ್ಲಿ ಹುಡುಗನು ಕವಚವನ್ನು ಎತ್ತಿಕೊಂಡು, ಎಲ್ಲಿಂದ ತೆರೆಯುತ್ತದೆ ಎಂದು ಅಂಚಿನಲ್ಲಿ ಉಗುರು ಹಾಕಿ ನೋಡತೊಡಗಿದ್ದನು. ಮೂರು ಮೇಜಿನವರು ಏಕಕಾಲಕ್ಕೆ ಕೂಗಿದರು, ಸ್ವಯಂಸೇವಕರು ಓಡಿ ಬಂದರು, ಪುಸ್ತಕವನ್ನು ಬಿಡಿಸಿಕೊಂಡು ಬೆಳಕಿಗೆ ಹಿಡಿದು ನಾಲ್ಕೂ ಮೂಲೆಗಳನ್ನು ಪರೀಕ್ಷಿಸಲಾಯಿತು. ಸಂಜೆಯ ಸಮಾರೋಪದಲ್ಲಿ ಸಂಘಟಕರು ಈ ಘಟನೆಯನ್ನು ಗಂಭೀರವಾಗಿ ಪರಿಗಣಿಸಿ, ಮುಂದಿನ ವರ್ಷದ ಮೇಳದಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ಕೋಣೆಯ ವ್ಯವಸ್ಥೆ ಮಾಡಲಾಗುವುದೆಂದೂ, ಪೋಷಕರು ಖರೀದಿ ಮುಗಿಸುವವರೆಗೆ ಅಲ್ಲಿ ಅವರು ಕಾಮಿಕ್ಸ್ ಕಡೆ ಬಾರದಂತೆ ಪ್ರತಿಯೊಬ್ಬರಿಗೂ ಒಂದೊಂದು ಮೊಬೈಲು ಕೊಡಲಾಗುವುದೆಂದೂ ಘೋಷಿಸಿದರು. ಜೋರಾಗಿ ಚಪ್ಪಾಳೆ ಬಿತ್ತು. ವೈಫೈ ಇರುತ್ತದೆಯೇ ಎಂದು ಹಿಂದಿನ ಸಾಲಿನಿಂದ ತಂದೆಯೊಬ್ಬರು ಕೇಳಿದರು.